ಬಿಳಿ ಕಟ್ಟೆ ಬೇಡ ಅಂದಿದ್ದು

ನನ್ನದು ಹಟದ ಸ್ವಭಾವವಲ್ಲ ಎಂದು ಐವತ್ತೆಂಟು ವರ್ಷ ನಂಬಿಕೊಂಡಿದ್ದೆ. ಈಚೆಗೆ ಅಡುಗೆಕಟ್ಟೆಗೆ ಕಲ್ಲು ಆರಿಸಲು ಹೋದಾಗ ಆ ನಂಬಿಕೆ ಹೋಯಿತು.

ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಕಡಪ ಕಲ್ಲಿನ ಕಟ್ಟೆ ಸಿಂಕಿನ ಪಕ್ಕದಲ್ಲಿ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಸಕ್ಕರೆ ಡಬ್ಬಿ ಇನ್ನೊಂದು ತುದಿಯಲ್ಲಿತ್ತಲ್ಲ, ಅಷ್ಟು ದೇವರ ದಯೆ. ಹೆಬ್ಬಾಳದಲ್ಲಿರುವ ಮಗಳು ಅಶ್ವಿನಿ ಬಂದು ನೋಡಿದವಳೇ, "ಅಮ್ಮ, ಈಗೆಲ್ಲ ಕ್ವಾರ್ಟ್ಜ್ ಹಾಕ್ಸೋದು. ಕಲೆ ಹಿಡಿಯಲ್ಲ, ನೀರು ಕುಡಿಯಲ್ಲ. ಬಿಳೀದು ಹಾಕ್ಸಿದ್ರೆ ಅಡುಗೆಮನೆಗೆ ಬೆಳಕು ಬರತ್ತೆ" ಎಂದಳು. ನಮ್ಮ ಯಜಮಾನರು ತಲೆಯಾಡಿಸಿದರು. ಮಗಳು ಏನು ಹೇಳಿದರೂ ಅವರ ತಲೆ ತಾನಾಗಿ ಆಡುತ್ತದೆ.

ಯಲಹಂಕದ ಅಂಗಡಿಯಲ್ಲಿ ಆಳೆತ್ತರದ ಹಲಗೆಗಳನ್ನು ಸಾಲಾಗಿ ಒರಗಿಸಿದ್ದರು. ಕಲ್ಲಿನ ಪುಡಿಗೆ ಅಂಟು ಬೆರೆಸಿ, ಅಚ್ಚಿನಲ್ಲಿ ಒತ್ತಿ ಮಾಡುತ್ತಾರಂತೆ. ಹಾಗಾದರೆ ಇದು ಕಲ್ಲೋ, ಕಲ್ಲಿನ ಉಂಡೆಯೋ? ವಿಗ್ರಹ ಕೆತ್ತುವವರು ಮೊದಲು ಕಲ್ಲನ್ನು ತಟ್ಟಿ ಅದರ ದನಿ ಕೇಳುತ್ತಾರಂತೆ, ಗಂಟೆಯ ನಾದ ಬಂದರೆ ದೇವರಿಗೆ, ಮೊದ್ದು ದನಿ ಬಂದರೆ ಬೇರೆ ಕೆಲಸಕ್ಕೆ. ಯಾರೂ ನೋಡುತ್ತಿಲ್ಲ ಅಂದುಕೊಂಡು ನಾನೂ ಬೆರಳಗಂಟಿನಿಂದ ತಟ್ಟಿದೆ. ದನಿ ಬರಲಿಲ್ಲ, ಬೆರಳು ನೋಯಿತು. "ಗಟ್ಟಿ ಇದೆ ಮೇಡಂ, ಡೌಟೇ ಬೇಡ" ಎಂದ ಅಂಗಡಿಯವನು. "ಆದ್ರೆ ಬಿಸಿ ಪಾತ್ರೆ ಮಾತ್ರ ಹಂಗೇ ಇಡ್ಬೇಡಿ. ಕೆಳಗೊಂದು ಮಣೆ ಇರ್ಲಿ." ಅವನ ಪ್ರಾಮಾಣಿಕತೆ ಹಿಡಿಸಿತು. ಸುಳ್ಳೇಕೆ, ಆ ಹಾಲುಬಿಳುಪೂ ಹಿಡಿಸಿತು. ಅಂಗೈಯಗಲದ ತುಂಡೊಂದನ್ನು ಕೊಟ್ಟು ಮನೆಯಲ್ಲಿಟ್ಟು ನೋಡಿ ಎಂದು ಕಳಿಸಿದ.

ನೋಡಿದೆ. ಹುಣಸೆಹಣ್ಣು ಮೆತ್ತಿದೆ, ಅರಿಸಿನ ಕಲಸಿ ಬಳಿದೆ, ನಿಂಬೆಹಣ್ಣು ಹಿಂಡಿದೆ. ಪಾಪ, ಎಣ್ಣೆಸ್ನಾನಕ್ಕೆ ಕೂತ ಮಗುವಿನಂತೆ ಎಲ್ಲವನ್ನೂ ಸಹಿಸಿಕೊಂಡು, ತೊಳೆದ ಮೇಲೆ ಬೆಳ್ಳಗೆ ನಕ್ಕಿತು. ಇನ್ನೇನು, ಇದೇ ಆಗಲಿ ಎಂದು ತೀರ್ಮಾನಿಸಿಯೂ ಆಯಿತು.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಬಂದು ಎಂದಿನಂತೆ ಒಲೆ ಒರೆಸಿದೆ. ಒಲೆಯ ಪಕ್ಕ ಕಟ್ಟೆಯ ಮೇಲೆ ರಂಗೋಲಿ ಪುಡಿಯಲ್ಲಿ ಪುಟ್ಟ ಪದ್ಮ ಬರೆದು, ಅರಿಸಿನ ಕುಂಕುಮ ಇಟ್ಟ ಮೇಲೇ ಹಾಲಿಗೆ ಒಲೆ ಹಚ್ಚುವುದು ನನ್ನ ಪದ್ಧತಿ. ಹೊಸ ಕಲ್ಲಿಗೂ ಅಭ್ಯಾಸವಾಗಲಿ ಎಂದು ಆ ತುಂಡಿನ ಮೇಲೆಯೇ ಬರೆದೆ. ಬರೆದದ್ದೇನೋ ನಿಜ, ಆದರೆ ಏನೂ ಕಾಣಲಿಲ್ಲ. ಬಿಳಿಯ ಮೇಲೆ ಬಿಳಿ.

ಹುಣಸೆ, ಅರಿಸಿನ, ನಿಂಬೆ ಎಲ್ಲವನ್ನೂ ಪರೀಕ್ಷೆಗೆ ಇಟ್ಟ ನನಗೆ ದಿನವೂ ಮೊದಲು ಕೈಗೆ ಬರುವ ರಂಗೋಲಿಯೇ ನೆನಪಾಗಿರಲಿಲ್ಲ. ಮಗಳಿಗೆ ಫೋನು ಮಾಡಿ ಬಿಳೀದು ಬೇಡ ಎಂದೆ.

"ಕಲರ್ ರಂಗೋಲಿ ಹಾಕಮ್ಮ" ಎಂದಳು ಅಶ್ವಿನಿ.

"ಬಣ್ಣ ಹಾರಿ ಸಾರಿಗೆ ಬೀಳತ್ತೆ ಕಣೇ."

"ಹಾಗಾದ್ರೆ ಸ್ಟಿಕ್ಕರ್ ಅಂಟಿಸು. ಒಂದ್ಸಲ ಅಂಟಿಸಿದ್ರೆ ವರ್ಷಗಟ್ಲೆ ಇರತ್ತೆ."

"ಸರಿ, ಪ್ರಾರ್ಥನೇನೂ ಒಂದ್ಸಲ ರೆಕಾರ್ಡ್ ಮಾಡಿಟ್ಬಿಡ್ತೀನಿ."

"ಅದು ಆಗ್ಲೇ ಆಗಿದ್ಯಲ್ಲಮ್ಮ. ಸುಪ್ರಭಾತ ಹಾಡೋದು ನಿನ್ನ ಮೊಬೈಲೇ ಅಲ್ವಾ?"

ಮಾತಿನಲ್ಲಿ ಅವಳು ಗೆದ್ದಳು. ಆದರೆ ನನ್ನಲ್ಲಿ ಹಟವಿತ್ತು.

ಯಜಮಾನರು ಸಂಧಾನಕ್ಕೆ ಬಂದರು. "ದೇವರಿಗೆ ಕಾಣತ್ತೆ ಬಿಡೇ."

"ದೇವರಿಗೆ ಕಾಣ್ದೇ ಇರತ್ತೇನ್ರೀ? ನನಗೆ ಕಾಣ್ಬೇಕು."

ಹೇಳಿದ ಮೇಲೆ ನನಗೇ ಗೊತ್ತಾಯಿತು, ಅದೇ ನಿಜವೆಂದು. ಹಾಲು, ಡಿಕಾಕ್ಷನ್, ತಿಂಡಿ ಎಂದು ದಿನ ನನ್ನನ್ನು ಎಳೆದುಕೊಳ್ಳುವ ಮುಂಚೆ ಎರಡು ನಿಮಿಷ ಕೈ ನನ್ನ ಮಾತು ಕೇಳುತ್ತದೆ. ಚಿಕನ್‌ಗುನ್ಯ ಬಂದು ಬೆರಳು ಮಡಚಲಾಗದ ತಿಂಗಳಲ್ಲೂ ಒಂದೇ ಒಂದು ಗೆರೆ ಎಳೆದಿದ್ದೆ. ಆ ಗೆರೆ ನೋಡಿ, ಇವತ್ತಿಗೆ ಇಷ್ಟಾಯಿತಲ್ಲ ಎಂದು ಸಮಾಧಾನಪಟ್ಟಿದ್ದೆ. ಕಾಣದ ಗೆರೆಯಿಂದ ಆ ಸಮಾಧಾನ ಸಿಗುತ್ತಿರಲಿಲ್ಲ. ಅಡುಗೆಮನೆಯ ಬೆಳಕಿಗೆ ಇನ್ನೊಂದು ಬಲ್ಬು ಹಾಕಿಸಬಹುದು.

ಅಂಗಡಿಗೆ ಮತ್ತೆ ಹೋಗಿ ಕಡುಬೂದು ಬಣ್ಣದ್ದನ್ನು ತೋರಿಸಿದೆ. "ಇದು ಆರ್ಡರ್ ಮಾಡಿ ತರಿಸ್ಬೇಕು ಮೇಡಂ, ಮೂರು ವಾರ ಆಗತ್ತೆ. ಡಾರ್ಕ್ ಕಲರ್ ಮೇಲೆ ಚಿಟಿಕೆ ಹಿಟ್ಟು ಬಿದ್ರೂ ಎದ್ದು ಕಾಣತ್ತೆ" ಎಂದ.

"ಕಾಣ್ಲಿ ಅಂತಾನೇ ತಗೋತಿರೋದಪ್ಪ" ಎಂದೆ.

ಹಳೆಯ ಕಟ್ಟೆ ಒಡೆಯಲು ಕೆಲಸದವರನ್ನು ಮೊದಲೇ ಗೊತ್ತುಮಾಡಿದ್ದೆವು, ಅವರು ಮರುದಿನವೇ ಬಂದು ಒಡೆದು ಹೋದರು. ಮೂರು ವಾರ ನಡುಮನೆಯಲ್ಲಿ ಮೇಜಿನ ಮೇಲೆ ಒಲೆಯಿಟ್ಟು ಅಡುಗೆ ಮಾಡಿದೆ. ಟಿವಿಯ ಎದುರಿಗೇ ಒಗ್ಗರಣೆ ಸಿಡಿಯುತ್ತಿತ್ತು. ಯಜಮಾನರು ವಾರ್ತೆ ಕೇಳುತ್ತಾ ಕೆಮ್ಮಿದರೇ ಹೊರತು ಗೊಣಗಲಿಲ್ಲ. ಇದೂ ಸಣ್ಣ ದಯೆಯೇನಲ್ಲ.

ಹೊಸ ಕಟ್ಟೆ ಕೂತ ಮೊದಲ ಬೆಳಿಗ್ಗೆ ಪದ್ಮ ಬರೆದು ಹಿಂದೆ ಸರಿದು ನೋಡಿದೆ. ಎಂಟು ದಳದಲ್ಲಿ ಮೂರು ಸೊಟ್ಟ. ಹಳೆಯ ಕಲ್ಲಿನ ಉಬ್ಬುತಗ್ಗು, ಮಸುಕು ಇಷ್ಟು ವರ್ಷ ನನ್ನ ಕೈಯ ಮಾನ ಕಾಪಾಡಿದ್ದವು. ಈ ಕಲ್ಲಿಗೆ ಅಂಥ ದಾಕ್ಷಿಣ್ಯವಿಲ್ಲ. ಹಿಂದಿನಿಂದ ಬಂದ ಯಜಮಾನರು ಬಗ್ಗಿ ನೋಡಿ, "ಈ ದಳ ಸ್ವಲ್ಪ ವಾಲಿದೆ ಅಲ್ವೇನೇ?" ಎಂದರು.

ಇಪ್ಪತ್ತಾರು ವರ್ಷದಲ್ಲಿ ಅವರ ಕಣ್ಣಿಗೆ ನನ್ನ ಪದ್ಮ ಬಿದ್ದದ್ದು ಅದೇ ಮೊದಲು. ಒರೆಸಿ ಮತ್ತೆ ಬರೆಯತೊಡಗಿದೆ. ಮುಗಿಯುವವರೆಗೂ ಅವರು ಹಾಲಿನ ಪಾತ್ರೆ ಹಿಡಿದು ಪಕ್ಕದಲ್ಲಿ ಕಾದರು.