ನಲವತ್ತು ನಿಮಿಷದ ಗೆರೆ

ಫೋನಿನ ಪರದೆಯ ಮೇಲೆ ಒಂದು ನೀಲಿ ಗೆರೆ, ಅದರ ಕೆಳಗೆ ಎರಡು ಸಾಲು: ನೂರ ನಲವತ್ತು ಕಿಲೋಮೀಟರು, ವಿಮಾನದಲ್ಲಿ ನಲವತ್ತು ನಿಮಿಷ. ಗೆರೆಯ ಒಂದು ತುದಿ ಲೇಹ್, ಇನ್ನೊಂದು ಕಾರ್ಗಿಲ್.

ಕಾರ್ಗಿಲ್‌ನ ಶಾಲೆಯೊಂದರಲ್ಲಿ ನನಗೆ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ಮಂಗಳವಾರ ನಮ್ಮೂರು ಶೀಳನೆರೆ ಬಿಟ್ಟು, ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಲೇಹ್, ಅಲ್ಲಿಂದ ಬರೀ ನಲವತ್ತು ನಿಮಿಷ ಎಂದು ಒಂದು ವಾರದಿಂದ ಅವ್ವನಿಗೆ ಹೇಳುತ್ತ ಬಂದಿದ್ದೆ. ಆ ನಲವತ್ತು ನಿಮಿಷ ಕೇಳಿಯೇ ಅವಳು ಹೂಂ ಎಂದಿದ್ದಳು.

ಭಾನುವಾರ ಸಂಜೆ ಮಾವ ಬಂದ. ಅವ್ವನ ತಮ್ಮ, ನಾಗಮಂಗಲದಿಂದ ಕೆ.ಆರ್. ಪೇಟೆಗೆ ಬೂಸದ ಟೆಂಪೊ ಓಡಿಸುತ್ತಾನೆ. ಫೋನು ಇಸಕೊಂಡು ನೋಡಿದ.

“ಇದ್ರಲ್ಲಿ ನಾಗಮಂಗ್ಲ, ಪೇಟೆ ಹಾಕವ್ವ, ನೋಡಾನ.”

ಹಾಕಿದೆ. ಅದೇ ನೀಲಿ ಗೆರೆ ಬಂತು. ವಿಮಾನದಲ್ಲಿ ಅರ್ಧ ಗಂಟೆ.

ಮಾವ ತೊಡೆ ತಟ್ಟಿಕೊಂಡು ನಕ್ಕ. “ಅಕ್ಕೋ, ನಾ ದಿನಾ ಬೂಸ ತುಂಬ್ಕಂಡು ಗುಂಡಿ ಎಣಿಸ್ಕಂಡ್ ಬತ್ತೀನಿ. ಇಲ್ಲಿ ನೋಡುದ್ರೆ ಪೇಟೆಗೆ ವಿಮಾನ ಬುಟ್ಟವ್ರೆ! ಎಲ್ಲಿ ಇಳಿಸ್ತಾರವ್ವ, ಸಂತೆಮಾಳದಲ್ಲಾ?”

ಯಾವ ಎರಡು ಊರು ಕೊಟ್ಟರೂ ಫೋನಿನ ಆ ಪುಟ ನಡುವೆ ನೇರ ಗೆರೆ ಎಳೆದು, ಹಾರಲು ಹಿಡಿಯುವ ಹೊತ್ತು ಹೇಳುತ್ತಿತ್ತು. ವಿಮಾನ ಇದೆಯೋ ಇಲ್ಲವೋ ಅದಕ್ಕೆ ಬೇಕಿರಲಿಲ್ಲ. ಗಣಿತ ಓದಿದ ನಾನು ಲೇಹ್‌ನಿಂದ ಕಾರ್ಗಿಲ್‌ಗೆ ಟಿಕೆಟ್ ಹುಡುಕಿಯೂ ನೋಡಿರಲಿಲ್ಲ. ಈಗ ಹುಡುಕಿದೆ, ಸಿಗಲಿಲ್ಲ. ಲೇಹ್‌ನಿಂದ ಮುಂದಕ್ಕೆ ರಸ್ತೆಯೇ ಗತಿ, ಬೆಟ್ಟದ ಮೇಲೆ ಇನ್ನೂರು ಕಿಲೋಮೀಟರಿಗೂ ಹೆಚ್ಚು, ಹೆಚ್ಚುಕಡಿಮೆ ಇಡೀ ಹಗಲು.

ಅವ್ವ ಹುರುಳಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. “ನಲವತ್ ನಿಮಿಷ ಅಂದೆ. ಸುಳ್ಳೇಳ್ದೆ.”

“ಸುಳ್ಳಲ್ಲ ಅವ್ವ, ತಪ್ಪು ಹೇಳ್ದೆ.”

“ಎಲ್ಡೂ ಒಂದೆಯ. ಹೋಗೂದು ಬ್ಯಾಡ ಬುಡು. ಮಂಗಳವಾರ ಬ್ಯಾರೆ. ನಾಳೆ ಬೆಳಿಗ್ಗೆ ಚೀಲ ಎದುರುಮನೇಲಿ ಇಟ್ ಬರಾನ ಅಂತಿದ್ದೆ. ಇನ್ಯಾಕೆ?”

ಮಂಗಳವಾರ ಉತ್ತರ ದಿಕ್ಕಿಗೆ ಹೊರಡಬಾರದು ಎಂಬುದು ನಮ್ಮ ಮನೆಯ ಕಟ್ಟು. ಹೊರಡಲೇಬೇಕಾದರೆ ಹಿಂದಿನ ದಿನವೇ ಚೀಲವನ್ನು ಬೇರೆಯವರ ಮನೆಯಲ್ಲಿಡಬೇಕು. ಅಲ್ಲಿಗೆ ಪಯಣ ಸೋಮವಾರವೇ ಶುರುವಾದಂತೆ. ಇಟ್ಟ ಚೀಲವನ್ನು ಮತ್ತೆ ಮನೆಯೊಳಗೆ ತರುವಂತಿಲ್ಲ. ಹಿಂದೊಮ್ಮೆ ಕಾಶಿಗೆ ಹೊರಡುವಾಗ ಅವ್ವನಿಗೆ ಮೈ ಸುಡುವ ಜ್ವರ ಬಂದಿತ್ತು. ಚೀಲ ಎದುರುಮನೆ ಸೇರಿದೆ ಎಂಬ ಒಂದೇ ಕಾರಣಕ್ಕೆ ಎದ್ದು ಹೋಗಿದ್ದಳು.

“ಮಾವ ದಿನಾ ರೋಡಲ್ಲೇ ಹೋಗಲ್ವಾ? ನಾನೂ ರೋಡಲ್ಲೇ ಹೋಗ್ತೀನಿ” ಎಂದೆ.

“ಪೇಟೆ ರೋಡೂ ಅದೂ ಒಂದಾ?”

ಮಾವನ ನಗು ನಿಂತಿತ್ತು. “ಅಲ್ಲೂ ಗಾಡಿ ಓಡ್ಸೋರು ಅವ್ರೆ ಕಣಕ್ಕ,” ಎಂದ. ಅವ್ವ ನೋಡಿದ ನೋಟಕ್ಕೆ ಟೆಂಪೊ ಕೀ ತಡಕಾಡಿಕೊಂಡು ಎದ್ದ.

ಮತ್ತೆ ನಾನು ವಾದಿಸಲಿಲ್ಲ. ನಲವತ್ತು ನಿಮಿಷ ನನ್ನ ತಪ್ಪು. ತಪ್ಪಾಯ್ತು ಎಂದು ಅವಳಿಗೆ ಹೇಳಿದೆ. ಕೆಲಸ ಬಿಡುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಬಾಗಿಲಿಗೆ ನೀರು ಹಾಕುತ್ತಿದ್ದಳು. ಅವಳ ಕಣ್ಣೆದುರೇ ಚೀಲ ಎತ್ತಿಕೊಂಡು ಬೀದಿ ದಾಟಿ, ಎದುರುಮನೆ ಅಜ್ಜಿಯ ಪಡಸಾಲೆಯಲ್ಲಿಟ್ಟು, ಬರಿಗೈಯಲ್ಲಿ ವಾಪಸು ಬಂದೆ.