ನಾನು ಸುಮ್ಮನೆ ಕೂತ ಮೂರು ಮಂಗಳವಾರ

ಎಂಬತ್ತರ ದಶಕದಲ್ಲಿ ಅಫಜಲಪುರದಲ್ಲಿ ನನ್ನದೊಂದು ಮನೋರೋಗದ ದವಾಖಾನೆ ಇತ್ತು. ಹೆಸರಿಗೆ ದವಾಖಾನೆ, ಎರಡು ಬಾಡಿಗೆ ಖೋಲಿ, ಮೂರು ಕುರ್ಚಿ. ಹೊಸದಾಗಿ ಕಲಿತವನ ಸೊಕ್ಕು ಮಾತ್ರ ಖೋಲಿ ತುಂಬ ಇತ್ತು. ರೋಗಿ ಸುಮ್ಮನಿದ್ದರೆ ನೀನೂ ಸುಮ್ಮನಿರು, ಆ ಮೌನದಲ್ಲೇ ಮನಸ್ಸು ಬಾಯಿ ಬಿಡುತ್ತದೆ ಎಂದು ಗುರುಗಳು ಕಲಿಸಿದ್ದರು. ನಾನದನ್ನು ಕಣ್ಣುಮುಚ್ಚಿ ನಂಬಿದ್ದೆ.

ಕರಜಗಿ ಕಡೆಯ ಹೆಣ್ಣುಮಗಳೊಬ್ಬಳನ್ನು ಅವಳ ಅತ್ತೆ ಕರೆತಂದಳು. ಮಾತು ನಿಂತು ನಾಲ್ಕು ತಿಂಗಳು. ದೆವ್ವ ಬಿಡಿಸುವವನೊಬ್ಬನ ಹತ್ತಿರ ಎರಡು ತಿಂಗಳು ಇಟ್ಟಿದ್ದರಂತೆ. ಮನೆಯಲ್ಲಿ ಅವಳ ಮೂರು ವರ್ಷದ ಕೂಸು ಅಳುತ್ತಿತ್ತು.

"ಈಕಿ ಮೈಯಾಗಿಂದು ಬಾಯಿ ಬಿಡೂತನ ಕೂಸಿನ ಹತ್ರ ಬಿಡಂಗಿಲ್ರಿ ಸಾಹೇಬ್ರ" ಎಂದು ಹೇಳಿ ಅತ್ತೆ ಹೊರಗೆ ಹೋಗಿ ಕೂತಳು. ನಾನು ಒಳಗೊಳಗೇ ನಕ್ಕೆ.

ಮೂರು ಮಂಗಳವಾರ ನಾವಿಬ್ಬರೂ ಎದುರುಬದುರು ಕೂತೆವು. ಮೊದಲೆರಡು ವಾರ ಆಕೆ ನೆಲ ನೋಡಿದಳು, ನಾನು ಆಕೆಯನ್ನು ನೋಡಿದೆ. ಮೂರನೆಯ ವಾರ, ಮಟಮಟ ಮಧ್ಯಾಹ್ನ, ಆಕೆ ತಲೆಯೆತ್ತಿ ನನ್ನ ಮುಚ್ಚಿದ ಬಾಯನ್ನೇ ದಿಟ್ಟಿಸಿದಳು. ಮೊಣಕಾಲು ಅಲುಗತೊಡಗಿತು, ಆಮೇಲೆ ಭುಜ, ಆಮೇಲೆ ಕುರ್ಚಿಯೇ. ಆ ಗಂಟಲಿನಿಂದ ಮುದುಕನೊಬ್ಬನ ದನಿ ಬಂತು.

"ನಾ ಹೊಳಿ ದಂಡ್ಯಾಗ ಸತ್ತಾಂವ. ಏನ್ ಬೇಕಲೇ ನಿನಗ?"

ನಾನು ಓದಿದ್ದೆಲ್ಲ ಮರೆತು, "ತಂಗಿ, ನೀರು ಕುಡೀತಿಯೇನವ್ವ?" ಎಂದುಬಿಟ್ಟೆ.

ನಡುಕ ತಟ್ಟನೆ ನಿಂತಿತು. ಆಕೆ ಸೆರಗು ಸರಿಮಾಡಿಕೊಂಡು ಸಣ್ಣ ದನಿಯಲ್ಲಿ ಕೇಳಿದಳು: "ನೀವು ಕಾಯಾಕತ್ತಿದ್ದು ಇದಕ್ಕ ಅಲ್ಲೇನ್ರಿ?"

"ಯಾವುದಕ್ಕವ್ವ?"

"ಆ ಬಿಡಸಾಂವನೂ ಹಿಂಗೇ ಸುಮ್ಮನ ಎದುರಿಗಿ ಕೂಡ್ತಿದ್ದ. ದೆವ್ವ ತನ್ನ ಹೆಸರು ಹೇಳೂತನ ಯಾರೂ ತುಟಿ ಪಿಟಕ್ ಅಂತಿದ್ದಿಲ್ಲ. ನನ್ನ ಮೈಯಾಗ ಯಾರೂ ಇಲ್ರಿ. ನನಗ ಮಾತಾಡಾಕ ಅಂಜಿಕಿ, ಅಷ್ಟೇ."

ನಾಚಿಕೆಯಿಂದ ಕುಗ್ಗಿಹೋದೆ. ಔಷಧಿಯೆಂದು ಮೂರು ವಾರ ನಾನು ಕೊಟ್ಟದ್ದು ಆಕೆಗೆ ಅದೇ ಹಳೆಯ ಶಿಕ್ಷೆಯಾಗಿತ್ತು.

ಆಕೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಯಾರ ಹೆಸರು ಹೇಳಿದ್ರ ನನ್ನ ಕೂಸಿನ ಹತ್ರ ಬಿಡ್ತೀರಿ, ಹೇಳ್ರಿ ಸಾಹೇಬ್ರ. ಅದನ್ನೇ ಹೇಳ್ತೇನಿ."

ಏನು ಹೇಳಲಿ? ಸರಿಯಾದ ಮಾತಿಗಾಗಿ ತಡಕಾಡುತ್ತ ಮತ್ತೆ ಸುಮ್ಮನಾದೆ. ಒಂದು ಕ್ಷಣವಷ್ಟೇ. ಎದುರಿನ ಮೊಣಕಾಲು ಆಗಲೇ ಅಲುಗುತ್ತಿತ್ತು.