ಅಜ್ಜಿ ಮಲಗಿ ಹಳೆಯದು ಮಾಡಿದ ಬಟ್ಟೆ

ಟ್ರಂಕಿನ ಮುಚ್ಚಳ ತೆಗೆದೆ ನೋಡಿ, ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಅಜ್ಜಿ ನೆನಪಾದಳು. ಮೊನ್ನೆ ನನ್ನ ಮಗಳು ಹೆತ್ತಳು, ನಾನೂ ಅಜ್ಜಿಯಾದೆ. ಚಾಮರಾಜನಗರದ ಆಸ್ಪತ್ರೆಯಿಂದ ಮನೆ ಸೇರುವಷ್ಟರಲ್ಲಿ ಬಸ್ ಕಂಡಕ್ಟರಿಗೂ ಹೂವಿನವಳಿಗೂ ಹೇಳಿಯಾಗಿತ್ತು. ಈಗ ನಿಮ್ಮ ಸರದಿ.

ನಾನು ಹುಡುಕುತ್ತಿದ್ದುದು ಬಣ್ಣಬಣ್ಣದ ಬನಿಯನ್ ತುಂಡುಗಳನ್ನು ಸೇರಿಸಿ ಹೊಲಿದ ಒಂದು ಪುಟ್ಟ ಹಾಸು.

ನಮ್ಮ ತೆರಕಣಾಂಬಿಯ ಮನೆಯಲ್ಲಿ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುತ್ತಿರಲಿಲ್ಲ. ಹಿರಿಯರ ಮೈಮೇಲೆ ಹಳೆಯದಾದ ಸೀರೆಯೇ ಬೇಕು, ಅವರ ಆಯಸ್ಸು ಕೂಸಿಗೂ ಬರಲಿ ಅಂತ. ಆದರೆ ತೊಂಬತ್ತರ ದಶಕದಲ್ಲಿ ನನ್ನ ಅಜ್ಜಿ, ಅವ್ವನ ತಾಯಿ, ಊರಲ್ಲೇ ಇರಲಿಲ್ಲ. ಅಜ್ಜ ತೀರಿಕೊಂಡ ಮೇಲೆ, ತಿರುಪ್ಪೂರಿನಲ್ಲಿ ಕೆಲಸಕ್ಕಿದ್ದ ಸೋದರಮಾವನಿಗೆ ಅಡಿಗೆ ಮಾಡಿಹಾಕುತ್ತೇನೆಂದು ಹೋದವಳು, ತಾನೂ ಬನಿಯನ್ ಕಂಪನಿ ಸೇರಿಬಿಟ್ಟಿದ್ದಳು. ಹೊಲಿದ ಬನಿಯನ್ನಿನ ದಾರದ ತುದಿ ಕತ್ತರಿಸುವ ಕೆಲಸ. ಊರಿಗೆ ಬಂದಾಗ ಅಲ್ಲಿನ ಕತೆ ಹೇಳುವಳು: ಒಂದೇ ಕೋಣೆಯ ಮನೆ, ಗೋಡೆಯಾಚೆಯ ತಮಿಳು ಅಕ್ಕ, ಬಣ್ಣ ಹಾಕುವ ಕಾರ್ಖಾನೆಗಳಿಂದ ಇವತ್ತು ಕೆಂಪಾಗಿ ನಾಳೆ ನೀಲಿಯಾಗಿ ಹರಿಯುವ ಕಾಲುವೆ. ನಾನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ. ನೆಂಟರು ಮಾತ್ರ, ಮುದುಕಿಗೆ ಪೇಟೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು.

ನನ್ನ ಬಾಣಂತನಕ್ಕೆ ಅಜ್ಜಿ ಬಂದಳು. ಅವ್ವ ಹಳೇ ಸೀರೆ ಕೇಳಿದರೆ ಚೀಲದಿಂದ ಈ ಹಾಸು ತೆಗೆದಳು. ಅಲ್ಲಿ ತಾನು ಉಡುವುದೆಲ್ಲ ನೈಲಾನ್ ಸೀರೆಯೇ ಅಂತೆ, ಕೂಸಿಗೆ ಚುಚ್ಚುತ್ತದಂತೆ. ಇದು ಹೊಸದಲ್ಲವೇ ಎಂದು ಅವ್ವನ ಮುಖ ಸಣ್ಣದಾಯಿತು. ಅಜ್ಜಿ ನನ್ನ ಕಡೆ ತಿರುಗಿದಳು.

“ನೀನು ಬಸ್ರಿ ಅಂದ್ ದಿನದಿಂದ ಇದರ್ ಮ್ಯಾಲೇ ಮನಗ್ತಾ ಇವ್ನಿ ಕಣಮ್ಮಿ. ಅಳೇದ್ ಮಾಡ್ಕಂಡೇ ತಂದಿವ್ನಿ.”

ಅದರ ಮೇಲೆಯೇ ನನ್ನ ಮಗಳನ್ನು ಮಲಗಿಸಿದೆವು. ಇಷ್ಟು ಪ್ರೀತಿ ಇರುವವಳು ಇನ್ನು ಹೋಗಲಾರಳು ಎಂದುಕೊಂಡಿದ್ದೆ. ತೊಟ್ಟಿಲಿಗೆ ಹಾಕಿದ ಮಾರನೆಯ ಬೆಳಿಗ್ಗೆ ಚೀಲ ಕಟ್ಟಿದಳು. ನಾನು ಸೆರಗು ಹಿಡಿದುಕೊಂಡು, ಕೂಸಿಗಿಂತ ಕಂಪನಿ ಹೆಚ್ಚಾಯಿತಾ ಎಂದು ಅತ್ತೆ.

“ಇಲ್ಲಿ ನಾನು ನಿಮ್ಮಜ್ಜನ ಎಂಡ್ರು, ನಿಮ್ಮವ್ವನ ಅವ್ವ. ಅಲ್ಲಿ ಬೆಳಗಾದ್ರೆ ‘ಪುಟ್ಟಮಾದಮ್ಮಾ’ ಅಂತ ಎಸ್ರಿಡಿದು ಕೂಗ್ತಾರೆ. ಮದ್ವೆ ಆದ್ ಮ್ಯಾಲೆ ನನ್ ಎಸ್ರು ನಂಗೇ ಮರ್ತೋಗಿತ್ತು ಕಣಮ್ಮಿ. ಬುಡು ಸೆರಗ.”

ಬಿಟ್ಟೆ. ಆದರೆ ಬರೀ ಹೆಸರಿಗಾಗಿ ಯಾರಾದರೂ ಘಟ್ಟ ಇಳಿದು ಹೋಗುತ್ತಾರಾ ಎಂದು ಎಷ್ಟೋ ವರ್ಷ ಒಳಗೊಳಗೇ ಮುನಿಸಿತ್ತು. ಕೈಕಾಲು ಗಟ್ಟಿಯಿರುವವರೆಗೂ ಅವಳು ಅಲ್ಲೇ ಇದ್ದಳು.

ಮೊನ್ನೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ನಿಂತು, ಮಗುವಿನ ಅಜ್ಜಿ ಯಾರು ಎಂದು ಕೂಗಿದರು. ಎದ್ದು ಓಡಿದೆ. ಒಂದು ಚಪ್ಪಲಿ ಬೆಂಚಿನ ಕೆಳಗೇ ಉಳಿಯಿತು. ನನ್ನನ್ನು ಕರೆದದ್ದು ಹೆಸರು ಹಿಡಿದೇನಲ್ಲ, ಆದರೂ ಒಂದು ಕೂಗಿಗೆ ಮೈಯೆಲ್ಲ ಹೀಗೆ ಹಗುರಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು.

ಈಗ ಮೊಮ್ಮಗಳು ಆ ಹಾಸಿನ ಮೇಲೆ ಮಲಗಿದ್ದಾಳೆ. ಮಗಳೂ ಅಳಿಯನೂ ಫೋನಿನಲ್ಲಿ ಚೆಂದದ ಹೆಸರು ಹುಡುಕುತ್ತಿದ್ದಾರೆ, ಹುಡುಕಲಿ. ಅಲ್ಲಿಯವರೆಗೆ ನಾನು ಕಿವಿಯ ಹತ್ತಿರ ಬಾಗಿ “ಪುಟ್ಟಮಾದಮ್ಮಾ” ಎಂದು ಮೆಲ್ಲಗೆ ಕೂಗುತ್ತೇನೆ. ಕೆಲಸಕ್ಕೆ ಹೊತ್ತಾಯಿತೇನೋ ಎನ್ನುವಂತೆ ಕೂಸು ನಿದ್ದೆಯಲ್ಲೇ ಕಾಲು ಝಾಡಿಸುತ್ತದೆ.